ಕಬ್ಬಿಣ, ಕಮಟು ಎಣ್ಣೆ, ಕ್ಯಾನ್ಸರ್ ಕೋಶ: ಏನಿದು ಫೆರೋಪ್ಟೋಸಿಸ್?

ಹೋದ ತಿಂಗಳು ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. ಅವರ ಓರಗಿತ್ತಿಗೆ ಕಿಡ್ನಿ ಕ್ಯಾನ್ಸರ್, ಚಿಕಿತ್ಸೆ ನಡೀತಿದೆ, ಹಿಮೋಗ್ಲೋಬಿನ್ ಕಮ್ಮಿ ಇದೆ ಅಂತ ಡಾಕ್ಟ್ರು ಐರನ್ ಮಾತ್ರೆ ಬರೆದುಕೊಟ್ಟಿದಾರೆ, ಅಷ್ಟರಲ್ಲಿ ವಾಟ್ಸಾಪಲ್ಲಿ ಎರಡು ಮೆಸೇಜ್ ಬಂದು ಮನೆಯವರೆಲ್ಲ ಗೊಂದಲಕ್ಕೆ ಬಿದ್ದಿದಾರೆ. ಒಂದು ಮೆಸೇಜು "ಕಬ್ಬಿಣ ಕ್ಯಾನ್ಸರ್ ಕೋಶವನ್ನ ಕೊಲ್ಲುತ್ತೆ" ಅನ್ನುತ್ತೆ, ಇನ್ನೊಂದು "ಗಡ್ಡೆಗೆ ಕಬ್ಬಿಣವೇ ಊಟ, ಇವತ್ತೇ ನುಗ್ಗೆಸೊಪ್ಪು ನಿಲ್ಲಿಸಿ" ಅನ್ನುತ್ತೆ. ಯಾವುದನ್ನ ನಂಬೋದು ಹೇಳಪ್ಪ ಅಂದ್ರು.

ಕಷ್ಟ ಏನಂದ್ರೆ ಎರಡೂ ಮೆಸೇಜಿನ ಒಳಗೆ ಒಂದೊಂದು ನಿಜದ ಕಾಳು ಇದೆ. ಕ್ಯಾನ್ಸರ್ ಕೋಶಕ್ಕೆ ಕಬ್ಬಿಣ ಬೇಕೇಬೇಕು, ಅದೇ ಕಬ್ಬಿಣದಿಂದ ಅದು ಸಾಯೋದೂ ಹೌದು, ಆ ಸಾವಿಗೇ ಫೆರೋಪ್ಟೋಸಿಸ್ ಅಂತ ಹೆಸರು. ಯಾವಾಗ ಬೆಳೆಯುತ್ತೆ, ಯಾವಾಗ ಸಾಯುತ್ತೆ ಅನ್ನೋದನ್ನ ತೀರ್ಮಾನಿಸೋದು ಆ ಕೋಶದ ಅಡುಗೆಮನೆ, ಅಂದ್ರೆ ಅದು ಏನು ತಿನ್ನುತ್ತೆ, ತಿಂದಿದ್ದನ್ನ ಹೇಗೆ ಖರ್ಚು ಮಾಡುತ್ತೆ, ಏನನ್ನ ಕೂಡಿಡುತ್ತೆ ಅನ್ನೋ ಲೆಕ್ಕಾಚಾರ. ಇದಕ್ಕೇ ಮೆಟಬಾಲಿಸಂ ಅಥವಾ ಚಯಾಪಚಯ ಅಂತಾರೆ. ಫೋನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸೋ ವಿಷಯ ಆಗಿರ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ.

ಕೋಶ ಸಾಯೋದಕ್ಕೂ ಬೇರೆ ಬೇರೆ ದಾರಿ ಇದೆ

ನಮ್ಮ ಮೈಯಲ್ಲಿ ಪ್ರತಿ ದಿನ ಲೆಕ್ಕವಿಲ್ಲದಷ್ಟು ಕೋಶಗಳು ಸಾಯ್ತಾ ಇರ್ತವೆ, ಅದು ಆರೋಗ್ಯದ ಲಕ್ಷಣವೇ. ಹಳೇದಾಗಿರೋ ಅಥವಾ ಕೆಟ್ಟುಹೋಗಿರೋ ಕೋಶ ತನ್ನ ಒಳಗಿನ ಕತ್ತರಿಯಂಥ ಪ್ರೋಟೀನುಗಳನ್ನ ಆನ್ ಮಾಡ್ಕೊಂಡು ತನ್ನನ್ನ ತಾನೇ ಚೂರು ಚೂರು ಮಾಡಿ ಅಚ್ಚುಕಟ್ಟಾಗಿ ಪ್ಯಾಕ್ ಆಗಿ ಹೋಗಿಬಿಡುತ್ತೆ. ಇದಕ್ಕೆ 1972ರಲ್ಲಿ ಅಪೊಪ್ಟೋಸಿಸ್ ಅಂತ ಹೆಸರಿಟ್ರು, ಗ್ರೀಕ್ ಭಾಷೇಲಿ ಮರದಿಂದ ಎಲೆ ಉದುರೋದಕ್ಕೆ ಆ ಪದ ಇದೆ. ಕ್ಯಾನ್ಸರ್ ಕೋಶದ ಒಂದು ದೊಡ್ಡ ಚಾಲಾಕಿತನ ಅಂದ್ರೆ ಈ ಉದುರೋ ಸ್ವಿಚ್ಚನ್ನೇ ಅದು ಕೆಡಿಸಿಟ್ಟಿರುತ್ತೆ. ಎಷ್ಟೋ ಕೀಮೋ ಔಷಧಿಗಳು ಇದೇ ಸ್ವಿಚ್ಚನ್ನ ಒತ್ತೋಕೆ ನೋಡ್ತವೆ, ಸ್ವಿಚ್ಚು ಕೆಟ್ಟಿದ್ರೆ ಔಷಧಿ ಹಿಡಿಯಲ್ಲ.

2003ರಲ್ಲಿ ಅಮೆರಿಕದಲ್ಲಿ ಬ್ರೆಂಟ್ ಸ್ಟಾಕ್‌ವೆಲ್ ಅನ್ನೋ ವಿಜ್ಞಾನಿಯ ತಂಡ ಸಾವಿರಾರು ರಾಸಾಯನಿಕಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿ, ರಾಸ್ ಅನ್ನೋ ಕ್ಯಾನ್ಸರ್ ಜೀನ್ ಇರೋ ಕೋಶಗಳನ್ನ ಹುಡುಕಿ ಕೊಲ್ಲೋ ಒಂದು ಪದಾರ್ಥ ಕಂಡುಹಿಡೀತು, ಹೆಸರು ಎರಾಸ್ಟಿನ್. ಅಚ್ಚರಿ ಏನಂದ್ರೆ ಸಾಯ್ತಿದ್ದ ಕೋಶಗಳಲ್ಲಿ ಅಪೊಪ್ಟೋಸಿಸ್ ಗುರುತು ಒಂದೂ ಇರ್ಲಿಲ್ಲ. ಅಪೊಪ್ಟೋಸಿಸನ್ನ ತಡೆಯೋ ಔಷಧಿ ಹಾಕಿದ್ರೂ ಕೋಶಗಳು ಉಳೀಲಿಲ್ಲ. ಆದ್ರೆ ಕಬ್ಬಿಣವನ್ನ ಹೀರಿ ಕಟ್ಟಿಹಾಕೋ ಡೆಫೆರಾಕ್ಸಮಿನ್ ಹಾಕಿದಾಗ ಉಳಿದುಕೊಂಡ್ವು. ಮನೇಲಿ ಥಲಸ್ಸೀಮಿಯಾ ಮಕ್ಕಳಿರೋರಿಗೆ ಈ ಔಷಧಿ ಗೊತ್ತಿರುತ್ತೆ, ಪದೇ ಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ಜಮಾ ಆಗೋ ಕಬ್ಬಿಣ ತೆಗೆಯೋಕೆ ಕೊಡೋ ಇಂಜೆಕ್ಷನ್ನೇ ಅದು. ಅಂದ್ರೆ ಇಲ್ಲಿ ಕೊಲೆಗೆ ಕಬ್ಬಿಣ ಬೇಕು ಅಂತಾಯ್ತು. 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಅದೇ ಸ್ಟಾಕ್‌ವೆಲ್, ಸ್ಕಾಟ್ ಡಿಕ್ಸನ್ ಮತ್ತು ಜೊತೆಗಾರರು ಇದಕ್ಕೆ ಫೆರೋಪ್ಟೋಸಿಸ್ ಅಂತ ಹೆಸರಿಟ್ರು. ಫೆರಮ್ ಅಂದ್ರೆ ಲ್ಯಾಟಿನಲ್ಲಿ ಕಬ್ಬಿಣ.

ಕಬ್ಬಿಣಕ್ಕೆ ಎರಡು ಮುಖ

ದೊಡ್ಡವರ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತೆ ಅಷ್ಟೇ, ಅದರಲ್ಲಿ ಹೆಚ್ಚಿನ ಪಾಲು ರಕ್ತದ ಹಿಮೋಗ್ಲೋಬಿನ್ನಲ್ಲಿ. ಕಬ್ಬಿಣ ಎಲೆಕ್ಟ್ರಾನನ್ನ ಸುಲಭವಾಗಿ ಕೊಡುತ್ತೆ, ಸುಲಭವಾಗಿ ತಗೊಳ್ಳುತ್ತೆ, ಅದಕ್ಕೇ ಉಸಿರಾಟದಿಂದ ಹಿಡಿದು ಡಿಎನ್‌ಎ ಕಟ್ಟೋ ತನಕ ಎಲ್ಲ ಕೆಲಸಕ್ಕೂ ಬೇಕು. ಅಪಾಯ ಬರೋದೂ ಇದೇ ಗುಣದಿಂದ. ಸಡಿಲವಾಗಿ ಓಡಾಡ್ತಿರೋ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದ್ರೆ (ಗಾಯ ತೊಳೆಯೋಕೆ ಹಾಕಿದಾಗ ನೊರೆ ಬರುತ್ತಲ್ಲ ಅದೇ, ನಮ್ಮ ಕೋಶದೊಳಗೂ ಸಣ್ಣ ಪ್ರಮಾಣದಲ್ಲಿ ತಯಾರಾಗ್ತಾ ಇರುತ್ತೆ) ಸಿಕ್ಕಿದ್ದನ್ನೆಲ್ಲ ಕಚ್ಚೋ ಒಂದು ರ್‍ಯಾಡಿಕಲ್ ಹುಟ್ಟುತ್ತೆ. ಈ ರಸಾಯನ ಕ್ರಿಯೆಯನ್ನ 1894ರಲ್ಲೇ ಹೆನ್ರಿ ಫೆಂಟನ್ ಅನ್ನೋ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿವರಿಸಿದ್ರು, ಅದಕ್ಕೇ ಫೆಂಟನ್ ಕ್ರಿಯೆ ಅಂತಾರೆ.

ಹಾಗಾಗಿ ದೇಹ ಕಬ್ಬಿಣವನ್ನ ಬಿಡಿಯಾಗಿ ಓಡಾಡೋಕೆ ಬಿಡಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಅನ್ನೋ ಪ್ರೋಟೀನ್ ಅದನ್ನ ಹೊತ್ಕೊಂಡು ಹೋಗುತ್ತೆ, ಕೋಶದೊಳಗೆ ಫೆರಿಟಿನ್ ಅನ್ನೋ ಕಣಜದಲ್ಲಿ ಬೀಗ ಹಾಕಿ ಇಡುತ್ತೆ. ಕ್ಯಾನ್ಸರ್ ಕೋಶ ಬಿಡುವಿಲ್ಲದೆ ಎರಡಾಗಬೇಕು, ಎರಡಾಗೋಕೆ ಡಿಎನ್‌ಎ ಬೇಕು, ಡಿಎನ್‌ಎ ತುಣುಕು ತಯಾರು ಮಾಡೋ ಎಂಜೈಮಿಗೆ ಕಬ್ಬಿಣ ಬೇಕು. ಅದಕ್ಕೇ ಎಷ್ಟೋ ಕ್ಯಾನ್ಸರ್ ಕೋಶಗಳು ಮೈಮೇಲೆ ಕಬ್ಬಿಣ ಇಳಿಸಿಕೊಳ್ಳೋ ಬಾಗಿಲುಗಳನ್ನ ಜಾಸ್ತಿ ಇಟ್ಕೊಂಡಿರ್ತವೆ. "ಕಬ್ಬಿಣವೇ ಗಡ್ಡೆಯ ಊಟ" ಅನ್ನೋ ಮೆಸೇಜು ಹುಟ್ಟಿದ್ದು ಇಲ್ಲಿಂದ. ಆದ್ರೆ ಜಾಸ್ತಿ ಕಬ್ಬಿಣ ತಂದಿಟ್ಟುಕೊಂಡ ಕೋಶ, ಒಲೆ ಪಕ್ಕದಲ್ಲೇ ಸೀಮೆಎಣ್ಣೆ ಡಬ್ಬ ಇಟ್ಟುಕೊಂಡ ಹಾಗೆ.

ಉರಿಯೋದು ಯಾವುದು? ಎಣ್ಣೆ

ಇಲ್ಲಿ ನಮ್ಮ ಅಡುಗೆಮನೆಯನ್ನೇ ನೆನಪಿಸಿಕೊಳ್ಳಿ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗುತ್ತೆ, ಆದ್ರೆ ಬೇಗ ಕಮಟು ಬರಲ್ಲ. ಅಗಸೆ ಎಣ್ಣೆ ಎಂಥ ಚಳಿಗೂ ತೆಳ್ಳಗೇ ಇರುತ್ತೆ, ಆದ್ರೆ ಮುಚ್ಚಳ ಸರಿಯಾಗಿ ಹಾಕದಿದ್ರೆ ಬೇಗ ವಾಸನೆ ಬಂದುಬಿಡುತ್ತೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಚಟ್ನಿಪುಡಿಯನ್ನ ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳೋದು ಇದಕ್ಕೇ. ಕೊಬ್ಬಿನ ಸರಪಳಿಯಲ್ಲಿ ಜೋಡಿಬಂಧ ಅನ್ನೋ ಬಾಗುಗಳು ಇರ್ತವೆ. ಒಂದೂ ಇಲ್ಲದಿದ್ರೆ ಸ್ಯಾಚುರೇಟೆಡ್, ಒಂದೇ ಇದ್ರೆ ಮೋನೋ, ಎರಡು ಅಥವಾ ಹೆಚ್ಚಿದ್ರೆ ಪಾಲಿಅನ್‌ಸ್ಯಾಚುರೇಟೆಡ್. ಎರಡು ಬಾಗುಗಳ ಮಧ್ಯೆ ಸಿಕ್ಕಿಕೊಂಡಿರೋ ಹೈಡ್ರೋಜನ್ ಬಹಳ ಸಡಿಲ, ಯಾವುದಾದ್ರೂ ರ್‍ಯಾಡಿಕಲ್ ಬಂದು ಅದನ್ನ ಕಿತ್ಕೊಂಡ್ರೆ ಆ ಜಾಗಕ್ಕೆ ಆಕ್ಸಿಜನ್ ಬಂದು ಕೂರುತ್ತೆ, ಆಮೇಲೆ ಅದೇ ಕೊಬ್ಬು ಪಕ್ಕದ ಕೊಬ್ಬಿನ ಹೈಡ್ರೋಜನ್ ಕೀಳುತ್ತೆ, ಅದು ಅದರ ಪಕ್ಕದ್ದು, ಹೀಗೆ ಬಣವೆಗೆ ಬೆಂಕಿ ಬಿದ್ದ ಹಾಗೆ ಹರಡ್ತಾ ಹೋಗುತ್ತೆ.

ಹೊಸ ಕಬ್ಬಿಣದ ದೋಸೆ ಕಾವಲಿ ಪಳಗಿಸೋವಾಗ ಎಣ್ಣೆ ಸವರಿ ಕಾಯಿಸಿ ಕಾಯಿಸಿ ಇಡ್ತೀವಲ್ಲ, ಆಗ ಎಣ್ಣೆ ಗಟ್ಟಿಯಾಗಿ ಕಪ್ಪು ಪದರ ಆಗೋದರ ಹಿಂದಿರೋದೂ ಹೆಚ್ಚುಕಮ್ಮಿ ಇದೇ ಜಾತಿಯ ಸರಪಳಿ ಕ್ರಿಯೆ. ಕಾವಲಿಗೆ ಅದು ಒಳ್ಳೇದು. ಕೋಶಕ್ಕೆ ಮಾತ್ರ ಸಾವು, ಯಾಕಂದ್ರೆ ಕೋಶದ ಸುತ್ತಲಿನ ಗೋಡೆ, ಅಂದ್ರೆ ಪೊರೆ, ಆಗಿರೋದೇ ಕೊಬ್ಬಿನಿಂದ. ಆ ಕೊಬ್ಬು ಕಮಟು ಹಿಡೀತಾ ಹೋದಂಗೆ ಪೊರೆ ಸೋರೋಕೆ ಶುರುವಾಗುತ್ತೆ, ನೀರು ಒಳಗೆ ನುಗ್ಗುತ್ತೆ, ಕೋಶ ಉಬ್ಬಿ ಒಡೆದು ಹೋಗುತ್ತೆ. ಫೆರೋಪ್ಟೋಸಿಸ್ ಅಂದ್ರೆ ಇಷ್ಟೇ. ಇಲ್ಲಿ ಸಾಯೋಕೆ ಯಾರೂ ಆರ್ಡರ್ ಕೊಟ್ಟಿರಲ್ಲ, ಪ್ರತಿ ಕ್ಷಣ ನಡೀಬೇಕಾದ ರಿಪೇರಿ ಕೆಲಸ ನಿಂತುಹೋಗಿರುತ್ತೆ, ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ಸಿದ್ದು ಇದೇ ಮಾತು.

ಎಲ್ಲ ಕೋಶಕ್ಕೂ ಒಂದೇ ಥರದ ಗೋಡೆ ಇರಲ್ಲ. ಎಸಿಎಸ್‌ಎಲ್4 ಅನ್ನೋ ಎಂಜೈಮ್ ಇದೆ, ಅರಾಕಿಡೋನಿಕ್ ಆಮ್ಲದಂಥ ನಾಲ್ಕು ಬಾಗಿನ ಕೊಬ್ಬನ್ನ ಪೊರೆಗೆ ಸೇರಿಸೋ ಕೆಲಸಕ್ಕೆ ಸಿದ್ಧಮಾಡಿ ಕೊಡೋದು ಅದು. ಈ ಎಂಜೈಮ್ ಜಾಸ್ತಿ ಇರೋ ಕೋಶ ಬೇಗ ಉರಿಯುತ್ತೆ, ಇಲ್ಲದಿರೋ ಕೋಶ ಗಟ್ಟಿ, 2017ರ ಪ್ರಯೋಗಗಳಲ್ಲಿ ಇದು ಸ್ಪಷ್ಟ ಆಯ್ತು. ಒಂದೇ ಬಾಗಿನ ಓಲಿಯಿಕ್ ಆಮ್ಲ (ಕಡಲೆಕಾಯಿ ಎಣ್ಣೆ, ಆಲಿವ್ ಎಣ್ಣೆಯಲ್ಲಿ ಧಾರಾಳವಾಗಿರೋದು) ಪೊರೆಯಲ್ಲಿ ತುಂಬಿಕೊಂಡ್ರೆ ಬೆಂಕಿ ಹರಡೋಕೆ ಜಾಗ ಸಿಗಲ್ಲ.

ಬೆಂಕಿ ಆರಿಸೋರು

ಇಷ್ಟೆಲ್ಲ ಅಪಾಯ ಇದ್ರೂ ನಾವು ಬದುಕಿರೋದು ಜಿಪಿಎಕ್ಸ್4 ಅನ್ನೋ ಎಂಜೈಮಿನಿಂದ. ಕಮಟು ಹಿಡಿದ ಕೊಬ್ಬು ಎಲ್ಲಿ ಕಂಡ್ರೂ ಹೋಗಿ ಅದನ್ನ ನಿರಪಾಯ ಮಾಡೋದು ಇದರ ಕೆಲಸ. ಇದರ ಹೃದಯಭಾಗದಲ್ಲಿ ಸೆಲೆನಿಯಂ ಅನ್ನೋ ಖನಿಜ ಇದೆ. ಇಟಲಿಯ ಫುಲ್ವಿಯೊ ಉರ್ಸಿನಿ ತಂಡ 1982ರಲ್ಲೇ ಇದನ್ನ ಗುರುತಿಸಿತ್ತು, ಆದ್ರೆ ಫೆರೋಪ್ಟೋಸಿಸ್‌ನ ಮುಖ್ಯ ಕಾವಲುಗಾರ ಇದೇ ಅಂತ ಗೊತ್ತಾಗಿದ್ದು 2014ರಲ್ಲಿ.

ಪಾತ್ರೆ ತಿಕ್ಕೋ ಕೈ ಎಷ್ಟೇ ಚುರುಕಾಗಿದ್ರೂ ಸೋಪು ಬೇಕಲ್ಲ, ಆ ಸೋಪಿನ ಹೆಸರು ಗ್ಲೂಟಾಥಯೋನ್. ಮೂರು ಅಮೈನೋ ಆಮ್ಲ ಸೇರಿಸಿ ಕೋಶ ಅದನ್ನ ತಯಾರಿಸಿಕೊಳ್ಳುತ್ತೆ, ಗ್ಲುಟಮೇಟ್, ಗ್ಲೈಸಿನ್, ಸಿಸ್ಟೀನ್. ಮೊದಲಿನ ಎರಡು ಬೇಕಾದಷ್ಟು ಸಿಗ್ತವೆ, ಸಿಸ್ಟೀನಿಗೇ ಯಾವಾಗ್ಲೂ ಬರ. ರಕ್ತದಲ್ಲಿ ಅದು ಹೆಚ್ಚಾಗಿ ಎರಡೆರಡು ಅಂಟಿಕೊಂಡು ಜೋಡಿಯಾಗಿ ಓಡಾಡ್ತಿರುತ್ತೆ, ಕೋಶದ ಪೊರೆಯಲ್ಲಿ ಈ ಜೋಡಿ ಸಿಸ್ಟೀನಿಗೆ ಅಂತಲೇ ಒಂದು ಗೇಟು ಇದೆ. ಒಂದು ಗ್ಲುಟಮೇಟ್ ಹೊರಗೆ ಕಳಿಸಿದ್ರೆ ಒಂದು ಜೋಡಿ ಸಿಸ್ಟೀನ್ ಒಳಗೆ, ಹಳ್ಳಿಯಲ್ಲಿ ಸೇರು ರಾಗಿ ಕೊಟ್ಟು ಉಪ್ಪು ತಗೊಳ್ತಿದ್ದ ಹಾಗೆ. ಎರಾಸ್ಟಿನ್ ಮಾಡ್ತಿದ್ದಿದ್ದು ಇಷ್ಟೇ, ಈ ಗೇಟಿಗೆ ಬೀಗ ಹಾಕ್ತಿತ್ತು. ಸಿಸ್ಟೀನ್ ಇಲ್ಲ, ಸೋಪು ಇಲ್ಲ, ಕೆಲಸದ ಕೈ ಖಾಲಿ ಕೂತಿದೆ, ಕಮಟು ಬೆಳೀತಾ ಹೋಗುತ್ತೆ. ಇದರ ಸುಳಿವು 1950ರ ದಶಕದಲ್ಲೇ ಸಿಕ್ಕಿತ್ತು, ಗಾಜಿನ ತಟ್ಟೇಲಿ ಕೋಶ ಬೆಳೆಸೋಕೆ ಏನೇನು ಹಾಕಬೇಕು ಅಂತ ಹುಡುಕ್ತಿದ್ದ ಹ್ಯಾರಿ ಈಗಲ್ ಅನ್ನೋ ಅಮೆರಿಕದ ವಿಜ್ಞಾನಿ ಸಿಸ್ಟೀನ್ ಜೋಡಿ ಹಾಕದಿದ್ರೆ ಕೋಶಗಳು ಸಾಯ್ತವೆ ಅಂತ ಆಗಲೇ ನೋಡಿದ್ರು, ಆ ಸಾವಿಗೆ ಹೆಸರು ಸಿಗೋಕೆ ಅರ್ಧ ಶತಮಾನದ ಮೇಲಾಯ್ತು.

ಜಿಪಿಎಕ್ಸ್4 ಕೈಕೊಟ್ರೂ ಕೆಲವು ಕ್ಯಾನ್ಸರ್ ಕೋಶ ಸಾಯಲ್ಲ, ಯಾಕೆ ಅಂತ ಹುಡುಕಿದಾಗ 2019ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಎರಡನೇ ಕಾವಲುಗಾರನನ್ನ ಕಂಡುಹಿಡಿದ್ವು, ಹೆಸರು ಎಫ್‌ಎಸ್‌ಪಿ1. ಇದು ಕೋಎಂಜೈಮ್ ಕ್ಯೂ10 ಅನ್ನೋ ಪದಾರ್ಥಕ್ಕೆ ಮತ್ತೆ ಮತ್ತೆ ಶಕ್ತಿ ತುಂಬಿ ಪೊರೆಯಲ್ಲಿ ಓಡೋ ರ್‍ಯಾಡಿಕಲ್ ಹಿಡಿಯೋಕೆ ಕಳಿಸುತ್ತೆ. ವಿಟಮಿನ್ ಕೆ ಜೊತೆಗೂ ಇದೇ ಕೆಲಸ ಮಾಡುತ್ತೆ ಅಂತ 2022ರಲ್ಲಿ ಗೊತ್ತಾಯ್ತು.

ಮೆಟಬಾಲಿಸಂ ಎಲ್ಲೆಲ್ಲಿ ಕೈ ಹಾಕುತ್ತೆ

ಈಗ ನಿಜವಾದ ಪ್ರಶ್ನೆಗೆ ಬಂದ್ವಿ. ಸಕ್ಕರೆಯಿಂದ ಶುರುಮಾಡೋಣ. ಕ್ಯಾನ್ಸರ್ ಕೋಶಗಳು ಗ್ಲುಕೋಸನ್ನ ಗಬಗಬ ನುಂಗ್ತವೆ ಅಂತ ಜರ್ಮನಿಯ ವಿಜ್ಞಾನಿ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ರು. ನುಂಗಿದ ಗ್ಲುಕೋಸೆಲ್ಲ ಶಕ್ತಿಗೆ ಅಂತ ಹೋಗಲ್ಲ, ಒಂದು ಪಾಲು ಪಕ್ಕದ ದಾರಿ ಹಿಡಿದು ಎನ್‌ಎಡಿಪಿಎಚ್ ಅನ್ನೋ ಪದಾರ್ಥ ಮಾಡುತ್ತೆ. ಇದನ್ನ ಚಾರ್ಜ್ ಆಗಿರೋ ಬ್ಯಾಟರಿ ಅಂದ್ಕೊಳ್ಳಿ. ಬಳಸಿ ಬಿಸಾಕಿದ ಗ್ಲೂಟಾಥಯೋನನ್ನ ಮತ್ತೆ ಬಳಸೋ ಹಾಗೆ ಮಾಡೋಕೂ ಈ ಬ್ಯಾಟರಿ ಬೇಕು, ಜೋಡಿ ಸಿಸ್ಟೀನನ್ನ ಬಿಡಿಸೋಕೂ ಬೇಕು, ಎಫ್‌ಎಸ್‌ಪಿ1 ಓಡೋಕೂ ಬೇಕು. ಹಾಗಂತ ಇದು ಬರೀ ರಕ್ಷಕ ಅಂತ ಹೇಳೋಕೂ ಆಗಲ್ಲ, ಪೆರಾಕ್ಸೈಡ್ ಹುಟ್ಟಿಸೋ ಕೆಲವು ಎಂಜೈಮುಗಳೂ ಇದೇ ಬ್ಯಾಟರಿಯಿಂದಲೇ ನಡೀತವೆ.

ಹಾಗಾದ್ರೆ ಸಕ್ಕರೆ ನಿಲ್ಲಿಸಿದ್ರೆ ಕ್ಯಾನ್ಸರ್ ಕೋಶ ಬೇಗ ಸಾಯಬೇಕಲ್ಲ? ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. 2020ರಲ್ಲಿ ಬಂದ ಪ್ರಯೋಗದಲ್ಲಿ ಉಲ್ಟಾ ಆಗಿತ್ತು. ಗ್ಲುಕೋಸ್ ಕಡಿಮೆಯಾದಾಗ ಕೋಶದೊಳಗೆ ಎಎಂಪಿಕೆ ಅನ್ನೋ ಬರಗಾಲದ ಅಧಿಕಾರಿ ಎದ್ದು ಕೂತು ಹೊಸ ಕೊಬ್ಬು ತಯಾರಿಸೋ ಕೆಲಸ ನಿಲ್ಲಿಸಿಬಿಡುತ್ತೆ, ಪೊರೆಯಲ್ಲಿ ಉರಿಯೋ ಕೊಬ್ಬು ಕಮ್ಮಿಯಾಗುತ್ತೆ, ಕೋಶ ಫೆರೋಪ್ಟೋಸಿಸ್‌ನಿಂದ ಬಚಾವಾಗುತ್ತೆ. ಇನ್ನೊಂದು ಕಡೆ ಸಿಸ್ಟೀನ್ ಗೇಟನ್ನ ವಿಪರೀತ ಇಟ್ಟುಕೊಂಡಿರೋ ಕೋಶಕ್ಕೆ ಗ್ಲುಕೋಸ್ ಕಟ್ಟಾದ್ರೆ ಬೇರೆಯೇ ಗತಿ, ಒಳಗೆ ತುಂಬಿದ ಜೋಡಿ ಸಿಸ್ಟೀನನ್ನ ಬಿಡಿಸೋಕೆ ಬ್ಯಾಟರಿ ಸಾಲದೆ ಅದೇ ವಿಷವಾಗಿ ಇನ್ನೊಂದು ಥರದ ಸಾವು ಬರುತ್ತೆ, ಅದಕ್ಕೆ 2023ರಲ್ಲಿ ಡೈಸಲ್ಫಿಡ್‌ಪ್ಟೋಸಿಸ್ ಅಂತ ಹೆಸರು ಕೊಟ್ಟಿದಾರೆ. "ಸಕ್ಕರೆ ಬಿಡಿ ಕ್ಯಾನ್ಸರ್ ಸಾಯುತ್ತೆ" ಅಂತ ಯಾರಾದ್ರೂ ಒಂದೇ ಸಾಲಲ್ಲಿ ಹೇಳಿದ್ರೆ ಈ ಎರಡು ಪ್ರಯೋಗ ನೆನಪಿಸಿಕೊಳ್ಳಿ.

ಗ್ಲುಟಮಿನ್ ಅನ್ನೋ ಇನ್ನೊಂದು ಆಹಾರವೂ ಹೀಗೇ ಎರಡೂ ಕಡೆ ಆಡುತ್ತೆ. ಅದರಿಂದ ಬರೋ ಗ್ಲುಟಮೇಟೇ ಗೇಟಿನಲ್ಲಿ ಕೊಡೋ ರಾಗಿ. ಆದ್ರೆ ಅದೇ ಗ್ಲುಟಮಿನ್ ಕೋಶಕ್ಕೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಒಳಗೆ ಹೋಗಿ ಉರಿದಾಗ ಪೆರಾಕ್ಸೈಡ್ ಹುಟ್ಟೋಕೂ ದಾರಿಯಾಗುತ್ತೆ. ಸಿಸ್ಟೀನ್ ನಿಲ್ಲಿಸಿ ಕೊಲ್ಲೋವಾಗ ಮೈಟೋಕಾಂಡ್ರಿಯಾ ಚುರುಕಾಗಿದ್ರೆ ಸಾವು ಬೇಗ, ನೇರವಾಗಿ ಜಿಪಿಎಕ್ಸ್4 ನಿಲ್ಲಿಸಿದ್ರೆ ಮೈಟೋಕಾಂಡ್ರಿಯಾ ಪಾತ್ರ ಅಷ್ಟಿಲ್ಲ ಅಂತ 2019ರ ಒಂದು ಅಧ್ಯಯನ ತೋರಿಸ್ತು.

ನನಗೆ ತುಂಬಾ ಹಿಡಿಸಿದ್ದು ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಿನ ಕಥೆ. ಅದು ಹರಡೋವಾಗ ಸಾಮಾನ್ಯವಾಗಿ ಮೊದಲು ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗುತ್ತೆ, ಆಮೇಲೆ ರಕ್ತದ ಮೂಲಕ ಬೇರೆ ಅಂಗಗಳಿಗೆ. ಯಾಕೆ ಹೀಗೆ ಅನ್ನೋದಕ್ಕೆ 2020ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಉತ್ತರ ಕಂಡ್ರು. ರಕ್ತದಲ್ಲಿ ಕಬ್ಬಿಣ, ಆಕ್ಸಿಡೀಕರಣದ ಒತ್ತಡ ಎರಡೂ ಜಾಸ್ತಿ, ಅಲ್ಲಿಗೆ ಬಿದ್ದ ಕ್ಯಾನ್ಸರ್ ಕೋಶಗಳು ಫೆರೋಪ್ಟೋಸಿಸ್‌ಗೆ ಸಿಕ್ಕಿ ಸಾಯ್ತವೆ. ದುಗ್ಧರಸದಲ್ಲಿ ಓಲಿಯಿಕ್ ಆಮ್ಲ ಹೇರಳ, ಅಲ್ಲಿ ಈಜಾಡಿದ ಕೋಶ ಆ ಒಂದು ಬಾಗಿನ ಕೊಬ್ಬನ್ನ ಪೊರೆಗೆ ಹಚ್ಚಿಕೊಂಡು ಕವಚ ತೊಟ್ಟ ಹಾಗಾಗಿ ಆಮೇಲೆ ರಕ್ತಕ್ಕೆ ಇಳಿದ್ರೂ ಉಳಿಯುತ್ತೆ. ಅದೇ ಜೀನ್, ಅದೇ ಕೋಶ, ದಾರಿಯಲ್ಲಿ ಸಿಕ್ಕ ಕೊಬ್ಬು ಹಣೆಬರಹ ಬದಲಾಯಿಸಿತು.

ಯಾವ ಕ್ಯಾನ್ಸರ್ ಇದಕ್ಕೆ ಬಗ್ಗುತ್ತೆ

ಕಿಡ್ನಿ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಬಗೆಗೆ ಕ್ಲಿಯರ್ ಸೆಲ್ ಅಂತ ಹೆಸರು, ಮೈಕ್ರೋಸ್ಕೋಪಲ್ಲಿ ಕೋಶ ಖಾಲಿ ಖಾಲಿ ಕಾಣುತ್ತೆ. ಸ್ಲೈಡ್ ತಯಾರಿಸೋವಾಗ ಕೋಶದಲ್ಲಿದ್ದ ಕೊಬ್ಬು, ಗ್ಲೈಕೋಜನ್ ಅನ್ನೋ ಕೂಡಿಟ್ಟ ಸಕ್ಕರೆ ಕರಗಿ ಹೋಗೋದೇ ಆ ಖಾಲಿತನಕ್ಕೆ ಕಾರಣ. ಅಷ್ಟು ಕೊಬ್ಬು ಕೂಡಿಟ್ಟ, ಅದರಲ್ಲೂ ಹೆಚ್ಚು ಬಾಗಿನ ಕೊಬ್ಬು ಸೇರಿಸಿಕೊಂಡಿರೋ ಈ ಕೋಶಗಳು ಲ್ಯಾಬಿನಲ್ಲಿ ಜಿಪಿಎಕ್ಸ್4 ತಡೆದಾಗ ಬಹಳ ಬೇಗ ಸಾಯ್ತವೆ ಅಂತ 2019ರಲ್ಲಿ ಕಂಡುಬಂತು. ಚಿಕ್ಕಮ್ಮನಿಗೆ ಇದನ್ನ ಹೇಳ್ದಾಗ "ಹಂಗಾದ್ರೆ ಔಷಧಿ ಇದೆಯಾ?" ಅಂತ ತಕ್ಷಣ ಕೇಳಿದ್ರು. ಅದಕ್ಕೆ ಮುಂದೆ ಬರ್ತೀನಿ.

ಇನ್ನೊಂದು ಗುಂಪು ಅಂದ್ರೆ ಚಿಕಿತ್ಸೆಗೆ ಜಗ್ಗದೆ ಉಳಿಯೋ ಕೋಶಗಳು. ಔಷಧಿಗೆ ಗಡ್ಡೆ ಕರಗುತ್ತೆ, ಆದ್ರೆ ಬೆರಳೆಣಿಕೆಯ ಕೋಶಗಳು ಸದ್ದಿಲ್ಲದೆ ಅವಿತು ಕೂತು ತಿಂಗಳುಗಳ ಮೇಲೆ ಮತ್ತೆ ಬೆಳೀತವೆ. ಹೀಗೆ ಅವಿತುಕೊಳ್ಳೋಕೆ ರೂಪ ಬದಲಿಸಿಕೊಂಡ ಕೋಶಗಳು ಜಿಪಿಎಕ್ಸ್4 ಮೇಲೆ ವಿಪರೀತ ಅವಲಂಬಿತ ಆಗಿರ್ತವೆ ಅಂತ 2017ರಲ್ಲಿ ಎರಡು ಅಧ್ಯಯನಗಳು ತೋರಿಸಿದ್ವು. ಈ ವಿಷಯದ ಮೇಲೆ ಇಷ್ಟೊಂದು ಜನ ಬಿದ್ದು ಕೆಲಸ ಮಾಡ್ತಿರೋದು ಮುಖ್ಯವಾಗಿ ಇದಕ್ಕೇ. ನಮ್ಮ ದೇಹವೂ ಈ ಆಯುಧ ಬಳಸುತ್ತೆ, ಟಿ ಕೋಶ ಅನ್ನೋ ರಕ್ಷಣಾ ಕೋಶಗಳು ಬಿಡುಗಡೆ ಮಾಡೋ ಇಂಟರ್‌ಫೆರಾನ್ ಗಾಮಾ ಅನ್ನೋ ಪ್ರೋಟೀನ್ ಗಡ್ಡೆಯ ಸಿಸ್ಟೀನ್ ಗೇಟನ್ನ ಕಡಿಮೆ ಮಾಡುತ್ತೆ. ಗಡ್ಡೆ ತಡೆಯೋ ಪಿ53 ಅನ್ನೋ ಪ್ರಸಿದ್ಧ ಪ್ರೋಟೀನ್ ಕೂಡ ಅದೇ ಗೇಟನ್ನ ತಗ್ಗಿಸುತ್ತೆ ಅಂತ 2015ರಲ್ಲಿ ಗೊತ್ತಾಯ್ತು.

ಮತ್ತೆ ಔಷಧಿ ಎಲ್ಲಿ?

ಜಿಪಿಎಕ್ಸ್4 ಒಳ್ಳೆ ಕೋಶಗಳಿಗೂ ಬೇಕು, ಕಷ್ಟ ಇರೋದು ಇಲ್ಲೇ. ಈ ಜೀನ್ ಇಲ್ಲದ ಇಲಿಮರಿ ಗರ್ಭದಲ್ಲೇ ಸಾಯುತ್ತೆ, ಬೆಳೆದ ಇಲಿಯಲ್ಲಿ ತೆಗೆದ್ರೆ ಕಿಡ್ನಿ ಫೇಲ್ ಆಗುತ್ತೆ. ಕ್ಯಾನ್ಸರ್ ವಿರುದ್ಧ ಹೋರಾಡೋ ಟಿ ಕೋಶಗಳಿಗೂ ಇದೇ ಕಾವಲು ಬೇಕು, ಕಾವಲು ಕಿತ್ತುಹಾಕಿದ್ರೆ ನಮ್ಮ ಸೈನಿಕರೂ ಸಾಯ್ತಾರೆ. ಅದೂ ಅಲ್ಲದೆ ಒಂದು ಬಾಗಿಲು ಮುಚ್ಚಿದ್ರೆ ಗಡ್ಡೆ ಎಫ್‌ಎಸ್‌ಪಿ1ನಂಥ ಇನ್ನೊಂದು ಬಾಗಿಲು ತೆಗೆಯುತ್ತೆ. ಎರಾಸ್ಟಿನ್ ಕೂಡ ಲ್ಯಾಬಿನ ಉಪಕರಣ ಅಷ್ಟೇ, ದೇಹದೊಳಗೆ ಔಷಧಿಯಾಗಿ ಕೆಲಸ ಮಾಡೋ ಗುಣ ಅದಕ್ಕಿಲ್ಲ. 2025ರಲ್ಲಿ ಪ್ಯಾರಿಸಿನ ಕ್ಯೂರಿ ಸಂಸ್ಥೆಯ ವಿಜ್ಞಾನಿಗಳು ಕೋಶದ ಲೈಸೋಸೋಮ್ ಅನ್ನೋ ಚೀಲದಲ್ಲಿ ಕೂತಿರೋ ಕಬ್ಬಿಣವನ್ನೇ ಕೆರಳಿಸಿ ಬೆಂಕಿ ಹಚ್ಚೋ ಅಣುಗಳನ್ನ ಪ್ರಕಟಿಸಿದ್ರು, ಅದೂ ಇನ್ನೂ ಲ್ಯಾಬ್ ಹಂತದ ಕೆಲಸವೇ.

ಹಾಗಾದ್ರೆ ಐರನ್ ಮಾತ್ರೆ, ನುಗ್ಗೆಸೊಪ್ಪು?

ಐರನ್ ಮಾತ್ರೆ ನುಂಗಿದ್ರೆ ಗಡ್ಡೆಯಲ್ಲಿ ಫೆರೋಪ್ಟೋಸಿಸ್ ಶುರುವಾಗಲ್ಲ. ಕರುಳು ಎಷ್ಟು ಹೀರಬೇಕು ಅಂತ ದೇಹವೇ ಅಳತೆ ಮಾಡುತ್ತೆ, ಹೀರಿದ್ದು ಟ್ರಾನ್ಸ್‌ಫೆರಿನ್, ಫೆರಿಟಿನ್ ಬೀಗದೊಳಗೆ ಹೋಗುತ್ತೆ, ಅಷ್ಟೇ ಅಲ್ಲ ಸೋಪೂ ಕಾವಲುಗಾರನೂ ಇರೋ ತನಕ ಬರೀ ಕಬ್ಬಿಣ ಕೊಲ್ಲಲ್ಲ. ಬೇಕಿಲ್ಲದೆ ವರ್ಷಗಟ್ಟಲೆ ಕಬ್ಬಿಣ ಜಮಾ ಆದ್ರೆ ಕೆಟ್ಟದ್ದೇ, ಆನುವಂಶಿಕವಾಗಿ ಕಬ್ಬಿಣ ಹೆಚ್ಚಾಗೋ ಕಾಯಿಲೆಯವರಲ್ಲಿ ಲಿವರ್ ಕ್ಯಾನ್ಸರ್ ಅಪಾಯ ಜಾಸ್ತಿ. ರಕ್ತಹೀನತೆ ಇರೋ ರೋಗಿ ಕಬ್ಬಿಣ ನಿಲ್ಲಿಸಿದ್ರೆ ಸುಸ್ತಾಗಿ ಚಿಕಿತ್ಸೆ ತಡೆದುಕೊಳ್ಳೋ ಶಕ್ತಿಯೇ ಹೋಗುತ್ತೆ. ಇಲ್ಲಿ ರಿಪೋರ್ಟ್ ಓದೋದೂ ಸೂಕ್ಷ್ಮ, ಉರಿಯೂತ ಇದ್ದಾಗ ಫೆರಿಟಿನ್ ಜಾಸ್ತಿ ತೋರಿಸುತ್ತೆ ಆದ್ರೆ ರಕ್ತ ತಯಾರಿಕೆಗೆ ಕಬ್ಬಿಣ ಸಿಕ್ತಿರಲ್ಲ, ಅದನ್ನ ನೋಡಿ ಹೇಳಬೇಕಾದೋರು ಚಿಕಿತ್ಸೆ ಕೊಡ್ತಿರೋ ಡಾಕ್ಟರೇ.

ನಾನು ಚಿಕ್ಕಮ್ಮನಿಗೆ ಒತ್ತಿ ಹೇಳಿದ್ದು ಬೇರೆ ವಿಷಯ. "ಇಮ್ಯೂನಿಟಿಗೆ ಒಳ್ಳೇದು" ಅಂತ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗೋ ವಿಟಮಿನ್ ಇ, ಸೆಲೆನಿಯಂ, ಗ್ಲೂಟಾಥಯೋನ್ ಮಾತ್ರೆಗಳು. ಸೆಲೆನಿಯಂ, ಗ್ಲೂಟಾಥಯೋನ್ ಕೆಲಸ ಏನು ಅಂತ ಮೇಲೆ ಓದಿದ್ರಿ, ವಿಟಮಿನ್ ಇ ಕೂಡ ಪೊರೆಯಲ್ಲಿ ರ್‍ಯಾಡಿಕಲ್ ಹಿಡಿಯೋದೇ, ಇವೆಲ್ಲ ಬೆಂಕಿ ಆರಿಸೋ ಕಡೆಯವು, ಆರಿಸೋವಾಗ ಇದು ಒಳ್ಳೆ ಕೋಶ ಅದು ಕೆಟ್ಟ ಕೋಶ ಅಂತ ನೋಡಲ್ಲ. ಅಮೆರಿಕ, ಕೆನಡಾದಲ್ಲಿ 35,000ಕ್ಕೂ ಹೆಚ್ಚು ಆರೋಗ್ಯವಂತ ಗಂಡಸರಿಗೆ ವಿಟಮಿನ್ ಇ, ಸೆಲೆನಿಯಂ ಕೊಟ್ಟು ಪ್ರಾಸ್ಟೇಟ್ ಕ್ಯಾನ್ಸರ್ ತಡೆಯೋಕಾಗುತ್ತಾ ಅಂತ ಸೆಲೆಕ್ಟ್ ಅನ್ನೋ ದೊಡ್ಡ ಪರೀಕ್ಷೆ ಮಾಡಿದ್ರು, 2011ರ ಫಲಿತಾಂಶದಲ್ಲಿ ಬರೀ ವಿಟಮಿನ್ ಇ ತಗೊಂಡೋರಲ್ಲಿ ಆ ಕ್ಯಾನ್ಸರ್ ಔಷಧಿಯಿಲ್ಲದ ಖಾಲಿ ಮಾತ್ರೆ ತಗೊಂಡೋರಿಗಿಂತ ಶೇ. 17ರಷ್ಟು ಹೆಚ್ಚಾಗಿತ್ತು. ಅದಕ್ಕೆ ಫೆರೋಪ್ಟೋಸಿಸ್ ತಡೆದಿದ್ದೇ ಕಾರಣ ಅಂತ ಆ ಪರೀಕ್ಷೆ ಹೇಳಲ್ಲ, ಆದ್ರೆ ಚಿಕಿತ್ಸೆ ನಡೀತಿರೋವಾಗ ಇಂಥ ಮಾತ್ರೆಗಳನ್ನ ಡಾಕ್ಟರಿಗೆ ಹೇಳದೆ ತಗೋಬಾರದು ಅನ್ನೋಕೆ ಅಷ್ಟು ಸಾಕು.

ನುಗ್ಗೆಸೊಪ್ಪಿನ ಪಲ್ಯ ಮಾಡಿಕೊಡಿ, ಅವರಿಗೆ ಇಷ್ಟ ಇದ್ರೆ ಹೊಟ್ಟೆತುಂಬಾ ತಿನ್ಲಿ ಅಂತ ಹೇಳ್ದೆ. ಮನೇಲಿರೋ ಮಾತ್ರೆ ಡಬ್ಬಗಳನ್ನೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಡಾಕ್ಟರ ಮೇಜಿನ ಮೇಲೆ ಇಡೋದು ಅಂತ ತೀರ್ಮಾನ ಆಗಿದೆ.